ನಮ್ಮೂರಿನ ಕೊನೆಯ ಗಿರಣಿ

ದಾವಣಗೆರೆಯನ್ನು ಒಂದು ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿಕೊಂಡ ಮೇಲೆ ಊರಿಗೆ ಬೆಣ್ಣೆದೋಸೆಯ ಹೆಸರೊಂದೇ ಉಳಿಯಿತೆಂದು ಬಹಳ ಜನ ತಿಳಿದಿದ್ದಾರೆ. ನಮ್ಮ ಅಮ್ಮನ ಪ್ರಕಾರ ಅದು ತಪ್ಪು. ಒಂದು ಗಿರಣಿ ಇನ್ನೂ ನಡೆಯುತ್ತಿದೆ. ಅದು ಅವಳ ಮಂಚದಿಂದ ನಾಲ್ಕು ಅಡಿ ದೂರದಲ್ಲಿ, ನನ್ನ ಮೇಜಿನ ಕೆಳಗಿದೆ. ಅದರ ಪಾಳಿ ರಾತ್ರಿ ಹತ್ತಕ್ಕೆ ಆರಂಭವಾಗುತ್ತದೆ.

ಆ ಗಿರಣಿ ವಿಂಡೋಸಿನ ಬದಲು ಲಿನಕ್ಸ್ ಎಂಬ ವ್ಯವಸ್ಥೆಯಿಂದ ನಡೆಯುವ ನನ್ನ ಕಂಪ್ಯೂಟರು. ಅದರ ಸದ್ದಿಗೆ ಮೂಲ ಒಂದೇ ಒಂದು ಅಕ್ಷರ. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಗೆ ‘ಎಫ್’ ಎಂದಿದ್ದರೆ ಪರದೆಗೆ ಚಿತ್ರ ಕಳಿಸುವ ವ್ಯವಸ್ಥೆ ಅದರಲ್ಲಿ ಸಿಗುವುದಿಲ್ಲ, ಬೇರೆ ಗ್ರಾಫಿಕ್ಸ್ ಕಾರ್ಡು ಹಾಕಲೇಬೇಕು ಎಂಬ ಸಂಗತಿ ಕೊಳ್ಳುವಾಗ ನನಗೆ ತಿಳಿದಿರಲಿಲ್ಲ. ‘ಎಫ್’ ಇದ್ದರೆ ಬೆಲೆ ಒಂದೂವರೆ ಸಾವಿರ ಕಡಿಮೆ ಎಂಬುದು ಮಾತ್ರ ಚೆನ್ನಾಗಿ ತಿಳಿದಿತ್ತು. ಉಳಿದ ಹಣಕ್ಕೆ ಅದರ ಎರಡರಷ್ಟು ಸೇರಿಸಿ ಸೆಕೆಂಡ್ ಹ್ಯಾಂಡ್ ಕಾರ್ಡೊಂದನ್ನು ತಂದೆ. ಅದರ ಫ್ಯಾನಿನ ಬೇರಿಂಗು ಸವೆದಿತ್ತು. ಕಂಪ್ಯೂಟರು ಚಾಲೂ ಆದೊಡನೆ ಗರಗರ ಎಂದು ಗಂಟಲು ಸರಿಪಡಿಸಿಕೊಂಡು, ಆಮೇಲೆ ಒಂದೇ ಶ್ರುತಿಯಲ್ಲಿ ನಿಂತುಬಿಡುತ್ತಿತ್ತು.

ಮೊದಲ ಚಿಕಿತ್ಸೆ ಹೊಲಿಗೆ ಯಂತ್ರದ ಎಣ್ಣೆ. ಫ್ಯಾನಿನ ನಡುವಿನ ಸ್ಟಿಕ್ಕರನ್ನು ಉಗುರಿನಿಂದ ಎಬ್ಬಿಸಿ ಎರಡು ಹನಿ ಬಿಟ್ಟೆ. ಮೂರನೆಯ ಹನಿ ತಾನಾಗಿಯೇ ಬಿತ್ತು. ಎರಡು ದಿನ ಸ್ವರ್ಗ. ಮೂರನೆಯ ದಿನದ ಹೊತ್ತಿಗೆ ಎಣ್ಣೆಯೂ ನಮ್ಮೂರಿನ ಧೂಳೂ ಕಲೆತು ರೆಕ್ಕೆಗಳಿಗೆ ಹದವಾದ ಲೇಪನವಾಗಿ, ಗರಗರ ಇದ್ದದ್ದು ಗುರುಗುರು ಆಯಿತು.

ಎರಡನೆಯ ಚಿಕಿತ್ಸೆ ಹೆಚ್ಚು ಪಾಂಡಿತ್ಯದ್ದು. ಲಿನಕ್ಸಿನಲ್ಲಿ ಯಂತ್ರದ ಭಾಗಗಳೂ ಕಡತಗಳಾಗಿ ಕಾಣಿಸುತ್ತವೆ. ನನ್ನ ಕಾರ್ಡಿನ ‘ಪಿಡಬ್ಲ್ಯೂಎಂ1’ ಎಂಬ ಕಡತದಲ್ಲಿ 0ಯಿಂದ 255ರ ವರೆಗಿನ ಒಂದು ಅಂಕಿ ಬರೆದರೆ ಫ್ಯಾನು ಅಷ್ಟೇ ವೇಗದಲ್ಲಿ ತಿರುಗುತ್ತದೆ. ಆದರೆ ಅದಕ್ಕೆ ಮೊದಲು ಪಕ್ಕದ ಕಡತದಲ್ಲಿ 1 ಎಂದು ಬರೆದು, ಇನ್ನು ಮುಂದಿನ ಹೊಣೆ ನನ್ನದೇ ಎಂದು ಒಪ್ಪಿಕೊಳ್ಳಬೇಕು. ನಾನು ಒಪ್ಪಿಕೊಂಡು, 40 ಎಂದು ಬರೆದು, ಆ ಮೌನದಲ್ಲಿ ಹಳೆಯ ಸಿನಿಮಾವೊಂದನ್ನು ಹಚ್ಚಿ, ಹೊಣೆಯನ್ನು ಮರೆತೆ. ನಾಯಕಿ ಬಾಯಿ ತೆರೆದ ಭಂಗಿಯಲ್ಲಿಯೇ ಪರದೆ ನಿಂತುಹೋದಾಗ ಪಕ್ಕದ ಲ್ಯಾಪ್‌ಟಾಪಿನಿಂದ ಒಳಹೊಕ್ಕು ತಾಪದ ಕಡತವನ್ನು ನೋಡಿದೆ. 94000 ಎಂದಿತ್ತು. ಆ ಲೆಕ್ಕ ಡಿಗ್ರಿಯ ಸಾವಿರದಲ್ಲೊಂದು ಪಾಲಿನದು, ಅಂದರೆ 94 ಡಿಗ್ರಿ ಎಂಬುದು ಹೊಳೆಯುವಷ್ಟರಲ್ಲಿ ನಾನು ಗೋಡೆಯ ಸ್ವಿಚ್ಚು ಆರಿಸಿ, ಕುರ್ಚಿಯಿಂದ ಎರಡು ಮಾರು ಹಿಂದೆ ಸರಿದು ನಿಂತಿದ್ದೆ.

ಹೊಸ ಕಾರ್ಡಿಗಾಗಿ ಕಂಪ್ಯೂಟರ್ ಬಿಡಿಭಾಗಗಳ ಪೇಟೆಯಾದ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಅಂಗಡಿಯ ಹುಡುಗ ಮೊದಲು ಕೇಳಿದ ಪ್ರಶ್ನೆ, “ಯಾವ ಗೇಮ್ ಆಡ್ತೀರಾ ಸಾರ್?” ನಾನು ಆಡುವುದಿಲ್ಲ, ಬರೆಯುತ್ತೇನೆ, ಸದ್ದಿಲ್ಲದ ಕಾರ್ಡು ಬೇಕು ಎಂದೆ. ಅವನು ಮೂರು ಫ್ಯಾನುಗಳೂ ಮದುವೆಮನೆಯ ದೀಪಾಲಂಕಾರವೂ ಇರುವ ಇಟ್ಟಿಗೆಯಂಥದ್ದೊಂದನ್ನು ತೆಗೆದಿಟ್ಟು, “ಸೌಂಡ್ ಎಲ್ಲಾ ಸ್ಪೀಕರಲ್ಲಿ ನೋಡಬೇಕು ಸಾರ್, ಇದರಲ್ಲಿ ಯಾಕೆ ನೋಡ್ತೀರಾ?” ಎಂದ. ನಿಜ ಹೇಳಬೇಕೆಂದರೆ ಸದ್ದಿನ ಪ್ರಶ್ನೆ ವಾಟಿನ ಪ್ರಶ್ನೆಯೇ. ಕಾರ್ಡು ಎಷ್ಟು ವಾಟ್ ನುಂಗುತ್ತದೋ ಅಷ್ಟು ಬಿಸಿಯನ್ನು ಹೊರಗೆ ಹಾಕಬೇಕು, ಅದಕ್ಕೆ ತಕ್ಕಂತೆ ಗಾಳಿ ಬೇಕು. ಬೇರೆ ತಂತಿ ಚುಚ್ಚದೆ ಮದರ್‌ಬೋರ್ಡಿನ ಸ್ಲಾಟಿನಿಂದಲೇ ಕಾರ್ಡು ಪಡೆಯಬಹುದಾದದ್ದು ಹೆಚ್ಚೆಂದರೆ 75 ವಾಟ್. ನನ್ನಂಥ ಬರೆಯುವವನಿಗೆ ಅದರ ಒಳಗಿನದೇ ಧಾರಾಳವಾಯಿತು.

ಸದ್ದಿನ ಜೊತೆಗೆ ಡ್ರೈವರಿನ, ಅಂದರೆ ಕಾರ್ಡಿಗೂ ಲಿನಕ್ಸಿಗೂ ಮಾತುಕತೆ ನಡೆಸಿಕೊಡುವ ತಂತ್ರಾಂಶದ, ಜಾತಕವನ್ನೂ ಕೂಡಿಸಬೇಕಾಗಿತ್ತು. 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯಲ್ಲಿ ಲಿನಕ್ಸಿನ ಜನಕ ಲಿನಸ್ ಟೊರ್ವಾಲ್ಡ್ಸ್, ಲಿನಕ್ಸಿನೊಡನೆ ಸಹಕರಿಸದ ಕಾರ್ಡು ಕಂಪನಿ ಎನ್ವಿಡಿಯಾವನ್ನು ಕುರಿತು ಬೆರಳೊಂದನ್ನು ಎತ್ತಿ ತೋರಿಸಿದ್ದರು. ಯಾವ ಬೆರಳು, ಅದರ ಅರ್ಥವೇನು ಎಂಬುದನ್ನು ಅಮ್ಮನಿಗೆ ವಿವರಿಸಲು ನನ್ನಿಂದ ಇವತ್ತಿಗೂ ಆಗಿಲ್ಲ. ಆ ಕಂಪನಿ 2022ರಲ್ಲಿ ತನ್ನ ಡ್ರೈವರಿನಲ್ಲಿ ಕರ್ನಲ್ಲಿಗೆ, ಅಂದರೆ ಲಿನಕ್ಸಿನ ತಿರುಳಿಗೆ, ಸೇರುವ ಭಾಗದ ಮೂಲ ಬರಹವನ್ನು ಎಲ್ಲರಿಗೂ ತೆರೆದಿಟ್ಟಿತು, ಅದನ್ನೂ ಹೇಳಬೇಕು. ಅದರ ಪ್ರತಿಸ್ಪರ್ಧಿ ಎಎಂಡಿಯ ಕಾರ್ಡುಗಳಿಗಾದರೆ ಈಗಿನ ಡ್ರೈವರು 2015ರ 4.2ನೆಯ ಆವೃತ್ತಿಯಿಂದಲೇ ಕರ್ನಲ್ಲಿನ ಒಳಗಿದೆ. ಕರ್ನಲ್ ಹೊಸದಾದಾಗಲೆಲ್ಲ ಡ್ರೈವರನ್ನು ಬೇರೆಯಾಗಿ ಕೂರಿಸುವ ಹರಕೆ ಇಲ್ಲ. ಕೆಲವು ಕಾರ್ಡುಗಳು ತಣ್ಣಗಿರುವಾಗ ಫ್ಯಾನನ್ನು ಪೂರ್ತಿ ನಿಲ್ಲಿಸುತ್ತವೆ. ವಿವೇಕಿಯಾದವನು ಅಂಥದ್ದನ್ನು ಕೊಳ್ಳುತ್ತಾನೆ. ನಾನು ಫ್ಯಾನೇ ಇಲ್ಲದ, 50 ವಾಟಿನ, ಅಲ್ಯೂಮಿನಿಯಮ್ ಪದರಗಳ ಗುಡ್ಡೆಯನ್ನು ಹೊತ್ತ ಕಾರ್ಡನ್ನು ಕೊಂಡೆ. ಆ ಗುಡ್ಡೆ ಪಕ್ಕದ ಸ್ಲಾಟನ್ನೂ ಆಕ್ರಮಿಸಿದ್ದರಿಂದ ವೈಫೈ ಕಾರ್ಡು ಮನೆ ಬಿಟ್ಟು ಹೊರಡಬೇಕಾಯಿತು.

ಮೊದಲ ರಾತ್ರಿ ಕಂಪ್ಯೂಟರು ಚಾಲೂ ಮಾಡಿದೆ. ಕೋಣೆ ನಿಶ್ಶಬ್ದ. ಐದು ನಿಮಿಷಕ್ಕೆ ಅಮ್ಮ ಎದ್ದು ಕೂತು, “ಕರೆಂಟ್ ಹೋಯ್ತೇನೋ?” ಎಂದಳು.

ಎರಡನೆಯ ರಾತ್ರಿಯಿಂದ ನನ್ನ ಕಿವಿ ಚುರುಕಾಯಿತು. ಇಷ್ಟು ದಿನ ಆ ಗರಗರದ ಹಿಂದೆ ಅಡಗಿದ್ದ, ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆಯಾದ ಎಸ್ಎಂಪಿಎಸ್‌ನ ಫ್ಯಾನು ಈಗ ಕೇಳಿಸತೊಡಗಿತು. ಅದನ್ನು ಸಹಿಸಿಕೊಂಡೆನೆನ್ನುವಾಗ ಹಾರ್ಡ್ ಡಿಸ್ಕು ಅಡಕೆ ಕತ್ತರಿಸುವ ಸದ್ದು ಮಾಡಿತು. ಇವೆರಡರ ನಡುವೆ ಒಂದು ಸೊಳ್ಳೆ. ಕಿವಿಯ ಬಳಿ ಬರುವುದಿಲ್ಲ, ಕಣ್ಣಿಗೆ ಬೀಳುವುದಿಲ್ಲ, ಮೇಜಿನ ಕೆಳಗೇ ಇರುತ್ತದೆ. ಮೂರು ದಿನ ಬಗ್ಗಿ ಬಗ್ಗಿ ಚಪ್ಪಾಳೆ ಹೊಡೆದ ಮೇಲೆ, ಉದ್ದನೆಯ ಪುಟವನ್ನು ಮೇಲೆ ಕೆಳಗೆ ಸರಿಸಿದಾಗ ಮಾತ್ರ ಅದು ಹಾಡುತ್ತದೆಂಬುದು ಗಮನಕ್ಕೆ ಬಂತು. ಕಾರ್ಡಿನ ಮೇಲಿನ ತಂತಿಸುರುಳಿಗಳು ವಿದ್ಯುತ್ತಿನ ಏರಿಳಿತಕ್ಕೆ ಸಣ್ಣಗೆ ಕಂಪಿಸಿ ಹೀಗೆ ಚೀರುವುದುಂಟು. ಫ್ಯಾನು ಇಲ್ಲದ ಕಾರ್ಡಿಗೂ ನಾಲಿಗೆ ಇರುತ್ತದೆಯೆಂದು ಯಾವ ಪೆಟ್ಟಿಗೆಯ ಮೇಲೂ ಮುದ್ರಿಸಿರಲಿಲ್ಲ.

ಅಷ್ಟರಲ್ಲಿ ಏಪ್ರಿಲ್ ಬಂತು. ಕೋಣೆಯೇ 36 ಡಿಗ್ರಿ ಇರುವಾಗ ಅಲ್ಯೂಮಿನಿಯಮ್ ಗುಡ್ಡೆ ತನ್ನ ಬಿಸಿಯನ್ನು ಯಾರಿಗೆ ದಾಟಿಸಬೇಕು? ಅದು ಕ್ಯಾಬಿನೆಟ್ಟಿಗೆ ದಾಟಿಸಿತು. ಕ್ಯಾಬಿನೆಟ್ಟಿನ ಫ್ಯಾನು ಗಾಬರಿಯಿಂದ ಓಡತೊಡಗಿತು. ತಾಪದ ಕಡತ 87000 ತೋರಿಸಿದ ದಿನ ಕ್ಯಾಬಿನೆಟ್ಟಿನ ಪಕ್ಕದ ತಗಡನ್ನು ಬಿಚ್ಚಿ ಗೋಡೆಗೆ ಒರಗಿಸಿ, ನನ್ನ ಮದುವೆಯಲ್ಲಿ ಬಂದ ಟೇಬಲ್ ಫ್ಯಾನನ್ನು ಅಟ್ಟದಿಂದ ಇಳಿಸಿದೆ. ಅದರ ಕತ್ತು ಎಡಕ್ಕೆ ತಿರುಗಿ ಮುಗಿಯುವಲ್ಲಿ ಒಂದು ‘ಕಟಕ್’, ಬಲಕ್ಕೆ ಮುಗಿಯುವಲ್ಲಿ ಎರಡು.

ಎಡಕ್ಕೆ ಅಮ್ಮನ ಮಂಚ, ಬಲಕ್ಕೆ ಕಂಪ್ಯೂಟರು. ಬೆಳಗಿನ ಜಾವ ಯಾವಾಗಲೋ ಅವಳು ಎದ್ದು, ಸೆರಗು ಹೊದ್ದುಕೊಂಡು, ಫ್ಯಾನಿನ ನೆತ್ತಿಯ ಗುಂಡಿಯನ್ನು ಮೇಲಕ್ಕೆಳೆದು ಕತ್ತನ್ನು ಬಲಕ್ಕೆ ನಿಲ್ಲಿಸಿದಳು. “ನನಗೆ ಸಾಕಪ್ಪ, ಚಳಿ ಆಗುತ್ತೆ. ಅದಕ್ಕೇ ಬೀಸಲಿ, ಪಾಪ, ರಾತ್ರಿಯೆಲ್ಲಾ ದುಡಿದಿದೆ” ಎಂದು ಮತ್ತೆ ಮಲಗಿದಳು.