ರೀ, ನಿಲ್ಲಿ!

ನಮ್ಮೆಜಮಾನ್ರು ಸೈಕಲ್ ಹತ್ತಿದರೆ ಯಾವಾಗಲೂ ಇನ್ನೂರು ಮೀಟರ್ ಮುಂದೆ. ನಾನು ಹಿಂದೆ. ಭಾನುವಾರ ಬೆಳಿಗ್ಗೆ ಮೈಸೂರಿನಿಂದ ಶ್ರೀರಂಗಪಟ್ಟಣ ದಾಟಿ ಕರೀಘಟ್ಟದ ಕಡೆ ಹೊರಟೆವು ಅಂದರೆ, "ರೀ, ನಿಲ್ಲಿ!" ಅಂತ ಕೂಗಿ ಕೂಗಿ ನನ್ನ ಗಂಟಲು ಒಣಗುತ್ತದೆ. ಅವರಿಗೆ ಮಾತ್ರ ಕೇಳಿಸುವುದಿಲ್ಲ. ಕಬ್ಬಿನ ಗದ್ದೆಯಲ್ಲಿದ್ದವರೆಲ್ಲ ತಿರುಗಿ ನೋಡುತ್ತಾರೆ. ಒಂದು ದಿನ ನನ್ನ ಚೈನ್ ಬಿತ್ತು. ಕೈಯೆಲ್ಲ ಗ್ರೀಸ್ ಮಾಡಿಕೊಂಡು ನಾನೇ ಹಾಕಿಕೊಂಡು ಹೋಗಿ ನೋಡಿದರೆ, ಇವರು ಎರಡನೇ ಲೋಟ ಟೀ ಮುಗಿಸುತ್ತಿದ್ದರು. "ಎಲ್ಲಿ ಹೋಗಿದ್ದೆ?" ಅಂತ ನನ್ನನ್ನೇ ಕೇಳಿದರು!

ಅವತ್ತಿನಿಂದ ಶುರುವಾಯಿತು, ಸೈಕಲ್ ಓಡಿಸುತ್ತಲೇ ಒಬ್ಬರಿಗೊಬ್ಬರು ಮಾತಾಡಿಕೊಳ್ಳಲು ಇಂಟರ್‌ಕಾಮ್ ಇರುವ ಹೆಲ್ಮೆಟ್ ಹುಡುಕಾಟ.

ಹುಡುಕಿದ ಮೇಲೆ ಗೊತ್ತಾಗಿದ್ದು, ಎಲ್ಲ ಇಂಟರ್‌ಕಾಮೂ ಒಂದೇ ಅಲ್ಲ ಅಂತ. ಕೆಲವು ಹೆಲ್ಮೆಟ್‌ಗಳು ಬ್ಲೂಟೂತ್‌ನಲ್ಲಿ ನೇರವಾಗಿ ಒಂದಕ್ಕೊಂದು ಮಾತಾಡುತ್ತವೆ. ಸೇನಾ ಅನ್ನೋ ಕಂಪನಿಯ ಆರ್1 ಈ ಜಾತಿಯದು. ನಾಲ್ಕು ಜನರವರೆಗೆ, ಬಯಲಿನಲ್ಲಿ 900 ಮೀಟರ್‌ವರೆಗೆ ಅನ್ನುತ್ತಾರೆ. ಆ 'ಬಯಲಿನಲ್ಲಿ' ಅನ್ನೋ ಪದಕ್ಕೆ ಅಡಿಗೆರೆ ಹಾಕಿಕೊಳ್ಳಿ. ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಒಂದು ತಿರುವು ಅಡ್ಡ ಬಂದರೆ ಬಂಡೆ, ಮರ ಎಲ್ಲ ಸೇರಿ ಸಿಗ್ನಲ್ ತಿಂದುಹಾಕುತ್ತವೆ. ಇನ್ನು ಕೆಲವು, ಲಿವಾಲ್ ಕಂಪನಿಯ ಕೆಲವು ಮಾಡೆಲ್‌ಗಳ ಹಾಗೆ, ಫೋನಿನ ಆ್ಯಪ್ ಮೂಲಕ ವಾಕಿಟಾಕಿ ಥರ ಕೆಲಸ ಮಾಡುತ್ತವೆ. ಅದಕ್ಕೆ ದೂರದ ಲೆಕ್ಕ ಇಲ್ಲ, ಆದರೆ ನೆಟ್‌ವರ್ಕ್ ಹೋದರೆ ಮಾತೂ ಹೋಯಿತು. ಮೂರನೆಯದು ಮೆಶ್. ಇದರಲ್ಲಿ ಗುಂಪಿನ ಒಬ್ಬರ ಸಾಧನ ಇನ್ನೊಬ್ಬರ ಮಾತನ್ನು ಮುಂದಕ್ಕೆ ದಾಟಿಸುತ್ತದೆ. ಆರೇಳು ಜನ ಹೋಗುವವರಿಗೆ ಸರಿ. ಇಬ್ಬರಿಗೆ ಅದರ ಲಾಭ ಅಷ್ಟಾಗಿ ಇಲ್ಲ.

ನಾನು ಇನ್ನೇನು ದುಡ್ಡು ಕಟ್ಟಬೇಕು, ಅಷ್ಟರಲ್ಲಿ ಅಮೆರಿಕದಲ್ಲಿರುವ ನಮ್ಮ ಭಾವ ಫೋನ್ ಮಾಡಿದರು. ಅವರ ಹತ್ತಿರ ಇಂಟರ್‌ಕಾಮ್ ಒಳಗೇ ಕೂರಿಸಿದ ಹೆಲ್ಮೆಟ್ ಇತ್ತು. ಮನೆ ಮುಂದೆಯೇ, ನಿಧಾನಕ್ಕೆ ತಿರುಗಿಸುವಾಗ ಬಿದ್ದರು. ತಲೆಗೆ ಏನೂ ಆಗಲಿಲ್ಲ, ಹೆಲ್ಮೆಟ್ ಒಳಗಿನ ಫೋಮ್ ಸೀಳಿತು. ಸೈಕಲ್ ಹೆಲ್ಮೆಟ್‌ನ ಫೋಮ್ ಅಂದರೆ ಥರ್ಮಾಕೋಲ್ ಜಾತಿಯದು. ಪೆಟ್ಟು ಬಿದ್ದಾಗ ತಾನು ಜಜ್ಜಿಹೋಗಿ ತಲೆ ಉಳಿಸುತ್ತದೆ, ಅದೂ ಒಂದೇ ಸಲ. ಆಮೇಲೆ ಬಿಸಾಡಬೇಕು. ಭಾವನ ಇಂಟರ್‌ಕಾಮ್ ಮಾತ್ರ ಗಟ್ಟಿಯಾಗಿ "ಹಲೋ ಹಲೋ" ಅನ್ನುತ್ತಲೇ ಇತ್ತಂತೆ. ಎರಡೂ ಒಟ್ಟಿಗೆ ಕಸಕ್ಕೆ.

ಅಲ್ಲಿಗೆ ನನ್ನ ಮನಸ್ಸು ಬದಲಾಯಿತು. ಬೀಳದಿದ್ದರೂ ಅಷ್ಟೇ ಅಲ್ವಾ? ವರ್ಷ ಕಳೆದಂತೆ ಬ್ಯಾಟರಿ ಸೊರಗುತ್ತದೆ, ಆಗ ಚೆನ್ನಾಗಿರುವ ಹೆಲ್ಮೆಟ್ ಇಟ್ಟುಕೊಂಡು ಏನು ಮಾಡೋದು? ಅದಕ್ಕೇ ನನ್ನ ಅಭಿಪ್ರಾಯ: ಹೆಲ್ಮೆಟ್ ಬೇರೆ ತಗೊಳ್ಳಿ, ಸೈಕಲ್ ಹೆಲ್ಮೆಟ್‌ಗೆ ಅಂತಲೇ ಮಾಡಿದ ಸಿಕ್ಕಿಸುವ ಇಂಟರ್‌ಕಾಮ್ ಬೇರೆ ತಗೊಳ್ಳಿ. ಬೈಕ್‌ನವರ ಇಂಟರ್‌ಕಾಮ್ ಸುಲಭವಾಗಿ ಸಿಗುತ್ತದೆ ಅಂತ ಅದಕ್ಕೆ ಕೈ ಹಾಕಬೇಡಿ. ಅದರ ಸ್ಪೀಕರ್ ಕೂರಲು ಕಿವಿ ಮುಚ್ಚುವ ದಪ್ಪ ಹೆಲ್ಮೆಟ್ ಬೇಕು. ನಮ್ಮದರಲ್ಲಿ ಕಿವಿ ಹತ್ತಿರ ಇರೋದು ಬರೀ ಪಟ್ಟಿ.

ಹೆಲ್ಮೆಟ್ ಆರಿಸುವಾಗ ಒಳಗೆ ಸುರಕ್ಷತೆಯ ಗುರುತು, ಅಂದರೆ ಯುರೋಪಿನ ಇಎನ್ 1078 ಅಥವಾ ಅಮೆರಿಕದ ಸಿಪಿಎಸ್‌ಸಿ ಅನ್ನೋ ಚೀಟಿ ನೋಡಿ. ಹಿಂದಿನ ಡಯಲ್ ಮಾತ್ರ ಬಿಗಿ ಮಾಡಿ, ಗಲ್ಲದ ಪಟ್ಟಿ ಹಾಕದೆ ತಲೆ ಅಲ್ಲಾಡಿಸಿ. ಜಾರಿದರೆ ಅದು ನಿಮ್ಮದಲ್ಲ, ಎಷ್ಟು ಚಂದ ಇದ್ದರೂ. ನಮ್ಮೆಜಮಾನ್ರಿಗೆ ಬಣ್ಣ ಮುಖ್ಯವಾಗಿತ್ತು. ಅಂಗಡಿಯಲ್ಲಿ ಅರ್ಧ ಗಂಟೆ ಅದೇ ಚರ್ಚೆ.

ಇನ್ನೊಂದು. ಸ್ಪೀಕರ್ ಕಿವಿಯ ಮೇಲ್ಗಡೆ ಇರಬೇಕು, ಕಿವಿಯೊಳಗೆ ಅಲ್ಲ. ಹಿಂದಿನಿಂದ ಬರುವ ಬಸ್ಸಿನ ಹಾರನ್ ಗಂಡನ ಮಾತಿಗಿಂತ ಮುಖ್ಯ. ಹಾಡು ಹಾಕಬಾರದು ಅಂತ ನಮ್ಮ ಮನೆಯಲ್ಲಿ ಕಾನೂನೇ ಆಗಿದೆ. ಗುಂಪಿನಲ್ಲಿ ಹೋಗುವಾಗ ಗುಂಡಿ ತೋರಿಸುವ ಕೈಸನ್ನೆಯನ್ನೂ ಬಿಟ್ಟಿಲ್ಲ. ಹಿಂದಿರುವ ಎಲ್ಲರ ತಲೆಯಲ್ಲೂ ಇಂಟರ್‌ಕಾಮ್ ಇರೋಲ್ಲವಲ್ಲ.

ನಾವೂ ಹಾಗೇ ಬೇರೆಬೇರೆ ತಗೊಂಡು ಈಗ ನಾಲ್ಕು ತಿಂಗಳಾಯಿತು. ನಿಜ ಹೇಳಬೇಕು ಅಂದರೆ ನಾವು ಮಾತಾಡೋದು ಕಡಿಮೆಯೇ. "ಗುಂಡಿ", "ನಾಯಿ", "ಲಾರಿ ಬರ್ತಿದೆ", ಅಷ್ಟೇ. ಜಾಸ್ತಿ ಕೇಳಿಸೋದು ಉಸಿರು. ಮೊದಮೊದಲು ನನ್ನ ಏದುಸಿರು ಅವರಿಗೆ ಕೇಳುತ್ತಲ್ಲ ಅಂತ ಮುಜುಗರವಾಗುತ್ತಿತ್ತು. ಆದರೆ ಅದನ್ನು ಕೇಳಿಸಿಕೊಂಡೇ ಅವರು ನಿಧಾನ ಮಾಡಲು ಕಲಿತರು. ನಾನು ಕೂಗಿದ ಇಷ್ಟು ವರ್ಷದಲ್ಲಿ ಆಗದ್ದು ಅದು.

ಮೊನ್ನೆ ಚಾಮುಂಡಿ ಬೆಟ್ಟ ಹತ್ತುತ್ತಿದ್ದೆವು. ಅವರು ಮಾಮೂಲಿನಂತೆ ಮುಂದೆ. ಈ ಬೆಟ್ಟದಲ್ಲಿ ಅವರು ನಿಲ್ಲುವುದು ಬರೀ ನನಗೋಸ್ಕರ, ಇಲ್ಲವೇ ಊರು ನೋಡೋದಕ್ಕೆ ಅಂತ ಇಷ್ಟು ವರ್ಷ ನಂಬಿದ್ದೆ. ಸ್ಪೀಕರ್‌ನಲ್ಲಿ ಕಮ್ಮಾರನ ತಿದಿ ಊದಿದ ಹಾಗೆ ಸದ್ದು ಬರುತ್ತಿತ್ತು. ನನ್ನದಲ್ಲ.

"ನಿಲ್ಲೋಣ್ವಾ ರೀ?" ಅಂದೆ.

"ನಿಂಗೆ... ಸುಸ್ತಾಗಿದ್ರೆ... ನಿಲ್ಲೋಣ" ಅಂದರು.