ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ

ಅಮೆರಿಕದ ಟೆಕ್ಸಸ್‌ನಲ್ಲಿ ಒಂದು ರೆಸ್ಟೋರೆಂಟಿಗೆ ಹೋಗಿದ್ದೆ. ಊಟ ಮುಗಿಯಿತು, 40 ಡಾಲರ್ ಬಿಲ್ ಬಂತು. ಬಿಲ್ಲಿನ ಮೂಲೆಯಲ್ಲಿ ಬಾಲ್‌ಪೆನ್ನಿನಲ್ಲಿ ಬರೆದ ಒಂದು ನಗುಮುಖ. ಬಡಿಸಿದ ಹುಡುಗಿಯದೇ ಕೈಚಳಕ. ಕೆಳಗೆ ಯಜಮಾನರು ಅಚ್ಚು ಹಾಕಿಸಿದ ಸಲಹೆ: ಟಿಪ್ಸ್ 18%, 20%, 25%. ಎಷ್ಟು ಡಾಲರ್ ಆಗುತ್ತದೆ ಅಂತ ಲೆಕ್ಕವನ್ನೂ ಅವರೇ ಮಾಡಿಟ್ಟಿದ್ದರು, ನಮಗೆ ತೊಂದರೆ ಆಗಬಾರದಲ್ಲ. ಸಂಬಳದ ಲೆಕ್ಕ ಮಾತ್ರ 1991ರಲ್ಲೇ ನಿಂತಿದೆ.

ಹೌದು, 1991. ಟಿಪ್ಸ್ ಸಿಗುವ ಕೆಲಸದವರಿಗೆ ಮಾಲೀಕರು ತಮ್ಮ ಕೈಯಿಂದ ಕೊಡಬೇಕಾದ ಕನಿಷ್ಠ ಕೂಲಿ ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಗಂಟೆಗೆ 2.13 ಡಾಲರ್. ಆವತ್ತಿನಿಂದ ಒಂದು ಸೆಂಟೂ ಏರಿಲ್ಲ. ಆ ವರ್ಷ ಹುಟ್ಟಿದ ಕೂಸು ಈಗ ತನ್ನ ಮಗುವನ್ನು ಸ್ಕೂಲಿಗೆ ಬಿಟ್ಟು ಬರುತ್ತಿದೆ. ಕೂಲಿ ಇನ್ನೂ ತೊಟ್ಟಿಲಲ್ಲೇ ಇದೆ. 1996ರಲ್ಲಿ ಮಿಕ್ಕವರ ಕೂಲಿ ಏರಿಸುವಾಗ ಸಂಸತ್ತು ಇದನ್ನು ಮಾತ್ರ ಎಬ್ಬಿಸಲಿಲ್ಲ. ರೆಸ್ಟೋರೆಂಟ್ ಮಾಲೀಕರ ಸಂಘ ಅಷ್ಟು ಇಂಪಾಗಿ ಜೋಗುಳ ಹಾಡಿತ್ತು.

ಹಾಗಂತ ಕಾನೂನಿಗೆ ಕರುಣೆ ಇಲ್ಲ ಅನ್ನಬೇಡಿ. ಸಾಮಾನ್ಯ ಕನಿಷ್ಠ ಕೂಲಿ 7.25 ಡಾಲರ್. (ಅದೂ 2009ರಿಂದ ಅಲುಗಾಡಿಲ್ಲ, ಇರಲಿ.) ನಡುವಿನ 5.12 ಡಾಲರ್ ಟಿಪ್ಸಿನಿಂದ ತುಂಬದಿದ್ದರೆ ಮಾಲೀಕರೇ ತುಂಬಿಕೊಡಬೇಕು. ಕೊಡದಿದ್ದರೆ ಹುಡುಗಿ ಹೋಗಿ ಕೇಳಬಹುದು. ಶನಿವಾರ ರಾತ್ರಿಯ ಪಾಳಿ ಯಾರಿಗೆ, ದೊಡ್ಡ ಟೇಬಲ್ ಯಾರಿಗೆ ಅಂತ ತೀರ್ಮಾನ ಮಾಡುವ ಅದೇ ಮನುಷ್ಯನನ್ನು. ಸುಮ್ನೆ ಕೇಳಿ ನೋಡಬಹುದು, ಅಲ್ವಾ?

ಈ ಏರ್ಪಾಡಿನ ಹೆಸರು ಟಿಪ್ ಕ್ರೆಡಿಟ್. ಇಷ್ಟು ಪ್ರಾಮಾಣಿಕವಾದ ಹೆಸರನ್ನು ಯಾವ ಸರ್ಕಾರವೂ ಇಟ್ಟಿದ್ದು ನಾನು ಕಂಡಿಲ್ಲ. ಟಿಪ್ ನಮ್ಮದು, ಕ್ರೆಡಿಟ್ ಯಜಮಾನರದು. ಪಾಪ ಹುಡುಗಿ ಅಂತ ನಾವು ಜೇಬಿಗೆ ಕೈ ಹಾಕುತ್ತೇವೆ. ಗಂಟೆಗೆ ಮೊದಲ 5.12 ಡಾಲರ್ ಇಳಿಸುವುದು ಮಾತ್ರ ಯಜಮಾನರ ಹೊರೆಯನ್ನು.

ಕೂಲಿ ಏರಿಸಿದರೆ ಅಂಗಡಿ ಮುಚ್ಚಬೇಕಾಗುತ್ತದೆ ಅನ್ನುತ್ತಾರೆ. ಕ್ಯಾಲಿಫೋರ್ನಿಯಾ ಸೇರಿ ಏಳು ರಾಜ್ಯಗಳಲ್ಲಿ ಈ ಕ್ರೆಡಿಟ್ಟೇ ಇಲ್ಲ, ಪೂರ್ತಿ ಕನಿಷ್ಠ ಕೂಲಿ ಕೊಡಲೇಬೇಕು. ಅಲ್ಲಿಯ ಜನ ಈಗಲೂ ಹೊರಗೆ ಊಟ ಮಾಡುತ್ತಿದ್ದಾರೆ ಅಂತ ಸುದ್ದಿ.

2025ರಲ್ಲಿ ಸರ್ಕಾರದ ಮನಸ್ಸೂ ಕರಗಿತು. ವರ್ಷಕ್ಕೆ 25,000 ಡಾಲರ್‌ವರೆಗಿನ ಟಿಪ್ಸಿಗೆ ಆದಾಯ ತೆರಿಗೆ ವಿನಾಯಿತಿ. ತೆರಿಗೆ ಕಟ್ಟುವಷ್ಟು ಸಂಪಾದನೆಯೇ ಇಲ್ಲದವರಿಗಂತೂ ದೊಡ್ಡ ನೆಮ್ಮದಿ. ಮೊದಲೂ ಕಟ್ಟದಿದ್ದ ತೆರಿಗೆಯನ್ನು ಅವರು ಇನ್ನು ಮೇಲೆ ಕಟ್ಟಬೇಕಾಗಿಲ್ಲ. ಕೂಲಿಯ ತೊಟ್ಟಿಲ ಹತ್ತಿರ ಯಾರೂ ಸುಳಿಯಲಿಲ್ಲ. ಕೂಸು ಎದ್ದುಬಿಟ್ಟರೆ?

ಅಂದಹಾಗೆ, ಆ ನಗುಮುಖದ ಮೇಲೆ ಸಂಶೋಧನೆಯೂ ಆಗಿದೆ. ಬಿಲ್ಲಿನ ಮೇಲೆ ಹುಡುಗಿ ಬರೆದರೆ ಟಿಪ್ಸ್ ಜಾಸ್ತಿ ಬಂತು, ಹುಡುಗ ಬರೆದರೆ ಬರಲಿಲ್ಲ. ಮನೆ ಬಾಡಿಗೆ ಕಟ್ಟಲು ಅವನು ಬೇರೆ ಏನಾದರೂ ಕಲೆ ಕಲಿಯಬೇಕು.

ನಾನು 20% ಅಂದರೆ 8 ಡಾಲರ್ ಬರೆದು ಸಹಿ ಹಾಕಿದೆ. ಯಜಮಾನರು ಉಳಿಸಿಕೊಳ್ಳುವ ಒಂದೂವರೆ ಗಂಟೆಯ ಕೂಲಿ. ಹುಡುಗಿ ಥ್ಯಾಂಕ್ಸ್ ಅಂದಳು, ಆಗಲೇ ಪಕ್ಕದ ಟೇಬಲ್ ಒರೆಸುತ್ತಿದ್ದಳು. ಬಾಗಿಲ ಹತ್ತಿರ ನಿಂತಿದ್ದ ಯಜಮಾನರೂ ಥ್ಯಾಂಕ್ಸ್ ಅಂದರು. ಅವರದು ಮನಸಾರೆ ಹೇಳಿದ ಹಾಗಿತ್ತು.