ಹುಟ್ಟಿದ್ದು ಆಕ್ಲೆಂಡ್, ಊರು ಟೊಂಗಾ

ಚಾರ್ಲ್ಸ್ ಪಿಯುಟಾವ್ ಅಂತ ಒಬ್ಬ ರಗ್ಬಿ ಆಟಗಾರ. ಹುಟ್ಟಿದ್ದು ನಾನು ಈಗಿರುವ ಆಕ್ಲೆಂಡಿನಲ್ಲಿ, ಅಪ್ಪ ಅಮ್ಮ ಪೆಸಿಫಿಕ್ ಸಾಗರದ ಪುಟ್ಟ ದ್ವೀಪ ದೇಶ ಟೊಂಗಾದವರು. 2013ರಿಂದ 2015ರವರೆಗೆ ನ್ಯೂಜಿಲೆಂಡಿನ ಆಲ್ ಬ್ಲ್ಯಾಕ್ಸ್ ತಂಡಕ್ಕೆ 17 ಟೆಸ್ಟ್, ಅಂದ್ರೆ ದೇಶ ದೇಶಗಳ ನಡುವಿನ ಪಂದ್ಯ, ಆಡಿದ. ಆಮೇಲೆ ವಾಸ್ಪ್ಸ್, ಅಲ್‌ಸ್ಟರ್, ಬ್ರಿಸ್ಟಲ್ ಅಂತ ಹೊರಗಿನ ಕ್ಲಬ್‌ಗಳಿಗೆ ಹೋದ. ಹಾಗೆ ಹೊರಗೆ ಆಡುವವರನ್ನು ಆಲ್ ಬ್ಲ್ಯಾಕ್ಸ್ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ, ಅಲ್ಲಿಗೆ ಅವನ ಕಥೆ ಮುಗಿಯಿತು. 2022ರಲ್ಲಿ ಟೊಂಗಾದ ಕೆಂಪು ಅಂಗಿ ತೊಟ್ಟ. 2023ರ ವಿಶ್ವಕಪ್ಪಿನಲ್ಲೂ ಟೊಂಗಾಕ್ಕೇ ಆಡಿದ.

ಜಯನಗರದ ಮನೆಯಲ್ಲಿ ಇದನ್ನು ಹೇಳಿದರೆ ಭಾವ ಒಪ್ಪಲಿಲ್ಲ. "ಅಲ್ಲಯ್ಯ, ದೇಶ ಅಂದ್ರೆ ಕಂಪನಿ ಬದಲಾಯಿಸಿದ ಹಾಗಾ? ಎಲ್ಲಾ ದುಡ್ಡಿಗೆ ತಾನೇ?" ಅಂದರು. ದುಡ್ಡು ಮಾಡಿದ್ದು ನಿಜ, ಆದರೆ ಕ್ಲಬ್‌ಗಳಲ್ಲಿ. ಸುಮಾರು ಒಂದು ಲಕ್ಷ ಜನ ಇರುವ ದೇಶದ ತಂಡಕ್ಕೆ ದುಡ್ಡಿಗೋಸ್ಕರ ಯಾರು ಹೋಗ್ತಾರೆ ಭಾವ?

ತಮಾಷೆ ಏನಂದ್ರೆ, ಭಾವ ಹುಟ್ಟಿ ಬೆಳೆದಿದ್ದೆಲ್ಲ ಚಾಮರಾಜಪೇಟೆಯಲ್ಲಿ. ಆದರೂ ಯಾರಾದರೂ ಊರು ಕೇಳಿದರೆ "ನಮ್ಮದು ಹಾಸನದ ಕಡೆ" ಅಂತಾರೆ. ಅಲ್ಲಿ ಈಗ ಇವರದ್ದು ಮನೆಯೂ ಇಲ್ಲ, ತೋಟವೂ ಇಲ್ಲ, ಅದು ಅವರ ತಾತನ ಊರು ಅಷ್ಟೇ. ಬೆಂಗಳೂರಿನಲ್ಲಿ ಇದು ಯಾರಿಗೂ ವಿಚಿತ್ರ ಅನಿಸುವುದಿಲ್ಲ. ರಗ್ಬಿಯ ನಿಯಮ ಹೇಳುವುದೂ ಇದನ್ನೇ. ನೀನು ಹೊಸ ತಂಡದ ದೇಶದಲ್ಲಿ ಹುಟ್ಟಿರಬೇಕು, ಇಲ್ಲ ನಿನ್ನ ಅಪ್ಪ ಅಮ್ಮನೋ ಅಜ್ಜ ಅಜ್ಜಿಯೋ ಅಲ್ಲಿ ಹುಟ್ಟಿರಬೇಕು, ಹಳೆಯ ತಂಡಕ್ಕೆ ಆಡಿ ಮೂರು ವರ್ಷ ಆಗಿರಬೇಕು, ಆಗ ಒಂದೇ ಒಂದು ಸಲ ಬದಲಾಯಿಸಬಹುದು. ಪಾಸ್‌ಪೋರ್ಟ್ ಯಾವುದು ಅಂತ ಅದು ಕೇಳುವುದಿಲ್ಲ. ಆಕ್ಲೆಂಡಿನಲ್ಲಿ ಟೊಂಗಾದವರು ಎರಡೂ ತಂಡಕ್ಕೆ ಕೂಗುತ್ತಾರೆ, ಅದಕ್ಕೆ ಯಾರೂ ಹುಬ್ಬು ಏರಿಸುವುದಿಲ್ಲ.

ನಮ್ಮಲ್ಲಿ ಪಾಸ್‌ಪೋರ್ಟೇ ಎಲ್ಲ. ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡದ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾದಲ್ಲಿ ಹುಟ್ಟಿದವನು, ಅವರ ತಂಡಕ್ಕೆ ಒಂದು ಸ್ನೇಹ ಪಂದ್ಯವನ್ನೂ ಆಡಿದ್ದ, ತಾಯಿ ಮುಂಬೈಯಲ್ಲಿ ಹುಟ್ಟಿದವರು. ಭಾರತಕ್ಕೆ ಆಡಬೇಕು ಅಂತ 2025ರಲ್ಲಿ ಆಸ್ಟ್ರೇಲಿಯಾದ ಪೌರತ್ವವನ್ನೇ ಬಿಟ್ಟುಕೊಟ್ಟ. ಕಂಠೀರವದಲ್ಲಿ ಅವನಿಗೆ ಜೋರಾಗಿ ಚಪ್ಪಾಳೆ ಹೊಡೆದವರಲ್ಲಿ ನಮ್ಮ ಭಾವನೂ ಒಬ್ಬರು! ಬಂದವನು ನಮ್ಮ ಹುಡುಗ, ಹೋದವನು ದ್ರೋಹಿ, ಇದ್ಯಾವ ಲೆಕ್ಕ?

ನನ್ನ ಸಿಟ್ಟು ಬೇರೆ ಕಡೆ ಇದೆ. ಆಲ್ ಬ್ಲ್ಯಾಕ್ಸ್‌ಗೆ ಆಡಿದಾಗ ಪಿಯುಟಾವ್‌ಗೆ 21ರಿಂದ 23 ವಯಸ್ಸು. ಟೊಂಗಾಕ್ಕೆ ಸಿಕ್ಕಾಗ 30. ಅವನ ಅಣ್ಣ ಸಿಯಾಲೆ ಟೊಂಗಾ ತಂಡದ ನಾಯಕನಾಗಿದ್ದವನು, ಆದರೆ ಇವನು ಬರುವಷ್ಟರಲ್ಲಿ ನಿವೃತ್ತನಾಗಿದ್ದ, ಹಾಗಾಗಿ ಅಣ್ಣ ತಮ್ಮ ಒಟ್ಟಿಗೆ ಟೊಂಗಾಕ್ಕೆ ಆಡಲೇ ಇಲ್ಲ. 2022ಕ್ಕೆ ಮುಂಚೆ ಈ ಮೂರು ವರ್ಷದ ದಾರಿ ಇರಲಿಲ್ಲ ನೋಡಿ. ದೊಡ್ಡ ದೇಶ ಒಳ್ಳೆಯ ವರ್ಷಗಳನ್ನು ಬಳಸಿಕೊಂಡು ಬಿಟ್ಟ ಮೇಲೆ ಚಿಕ್ಕ ದೇಶಕ್ಕೆ ಉಳಿದದ್ದು ಸಿಗುತ್ತದೆ. ನನ್ನ ಪ್ರಕಾರ ದೊಡ್ಡ ತಂಡದಿಂದ ಚಿಕ್ಕ ತಂಡಕ್ಕೆ ಹೋಗುವವರಿಗೆ ಮೂರರ ಬದಲು ಒಂದು ವರ್ಷದ ಕಾಯುವಿಕೆ ಸಾಕು.

ಹಾಗೆ ಮಾಡಿದರೆ ಸುಳ್ಳು ಅಜ್ಜಂದಿರು ಹುಟ್ಟಿಕೊಳ್ಳುತ್ತಾರೆ ಅನ್ನುತ್ತಾರೆ ಭಾವ. ಅದೂ ಆಗಿದೆ. ಆಲ್ ಬ್ಲ್ಯಾಕ್ಸ್‌ಗೆ ಆಡಿ ಆಮೇಲೆ ವೇಲ್ಸ್‌ಗೆ ಆಡಿದ ಶೇನ್ ಹೋವರ್ತ್‌ನ ಅಜ್ಜ ವೇಲ್ಸ್‌ನವರಲ್ಲ ಅಂತ 2000ದಲ್ಲಿ ಗೊತ್ತಾಗಿ ದೊಡ್ಡ ರಂಪವಾಯಿತು. ಆದರೆ ಅದಕ್ಕೆ ಜನನ ಪತ್ರ ಸರಿಯಾಗಿ ನೋಡಬೇಕು, ಆಟಗಾರನನ್ನು ಮೂರು ವರ್ಷ ಸುಮ್ನೆ ಕೂರಿಸಬೇಕಾಗಿಲ್ಲ.